ಎಂಟುನೂರಾ ಐದು ಸರಪಳಿ

ಮುಂಜಾನೆಯ ಮೊದಲ ರೈಲು ಗದಗ ನಿಲ್ದಾಣ ಬಿಟ್ಟು ಸಿಳ್ಳು ಹಾಕುವ ಹೊತ್ತು. ರಸ್ತೆ ಖಾತೆಯ ಅಂಗಳದಲ್ಲಿ ಇನ್ನೂ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣದಷ್ಟು ಮಬ್ಬು. ಹೊಳೆಯಪ್ಪ ಬೇವಿನ ಮರದ ಕೆಳಗೆ ಮೊಣಕಾಲೂರಿ, ನೆಲದಲ್ಲಿ ಹುಗಿದ ಒಂದು ಕಲ್ಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತಾರೆ. ಕಲ್ಲಿನ ತಲೆಯ ಮೇಲೆ ಉಳಿಯಿಂದ ಕೊರೆದ ಒಂದು ಗೀರು. ಅಲ್ಲಿಂದ ಅರವತ್ತಾರು ಅಡಿ ಆಚೆ, ಗೋಡೆಯ ಬುಡದಲ್ಲಿ, ಇಂಥದೇ ಇನ್ನೊಂದು ಕಲ್ಲು, ಇನ್ನೊಂದು ಗೀರು. ಹೆಗಲ ಮೇಲಿನ ಕಬ್ಬಿಣದ ಸರಪಳಿಯನ್ನು ಇಳಿಸಿ ಅದರ ಒಂದು ತುದಿಯ ಹಿಡಿಯನ್ನು ಈ ಗೀರಿಗೆ ಹಚ್ಚುತ್ತಾರೆ. ಇನ್ನೊಂದು ಹಿಡಿಯನ್ನು ಜೊತೆಗಾರ ಉಸ್ಮಾನಸಾಬ ಜಗ್ಗಿ ಆ ಗೀರಿನ ತನಕ ಒಯ್ಯುತ್ತಾರೆ.

“ಕೂಡ್ತೇನು, ಉಸ್ಮಾನಣ್ಣಾ?”

“ಕೂಡ್ತು. ದಿನಾ ಕೂಡತೈತಿ, ದಿನಾ ಕೇಳ್ತಿ.”

“ಕೂಡಲಾರದ ದಿನಾನೂ ಒಂದು ಬಂದಿತ್ತಲ್ಲ.”

ಉಸ್ಮಾನಸಾಬ ಸರಪಳಿಯನ್ನು ಮಡಿಸಿ ಕೊಡುತ್ತಾರೆ. ಹೊಳೆಯಪ್ಪ ಹೆಗಲಿಗೇರಿಸಿಕೊಳ್ಳುತ್ತಾರೆ. ಮೂರು ತಿಂಗಳ ಕೂಸಿನಷ್ಟು ಭಾರ.

ನಾವು ಬಸ್ಸಿನಲ್ಲಿ ಕುಳಿತು ಕಿಟಕಿಯಿಂದ ನೋಡುವ ಮೈಲುಗಲ್ಲು ತಾನಾಗಿ ಅಲ್ಲಿ ಹುಟ್ಟಿದ್ದಲ್ಲ. ಒಬ್ಬ ಮನುಷ್ಯ ಆ ದಾರಿಯನ್ನು ಬಗ್ಗಿ ಬಗ್ಗಿ ಅಳೆದಿರುತ್ತಾನೆ. ನೂರು ಕೊಂಡಿಗೆ ಅರವತ್ತಾರು ಅಡಿಯ ಒಂದು ಸರಪಳಿ, ಎಂಬತ್ತು ಸರಪಳಿಗೆ ಒಂದು ಮೈಲು. ಹಿಂದಿನವರು ಹಿಡಿಯನ್ನು ನೆಲಕ್ಕೊತ್ತಿ ಹಿಡಿಯಬೇಕು, ಮುಂದಿನವರು ಜಗ್ಗಿ ಒಂದು ಕಬ್ಬಿಣದ ಕಡ್ಡಿ ಚುಚ್ಚಬೇಕು. ಹತ್ತು ಕಡ್ಡಿ ಮುಗಿದಾಗ ಹೊಳೆಯಪ್ಪ ಒಂದು ಹುಣಸೆ ಬೀಜವನ್ನು ಅಂಗಿಯ ಎಡ ಕಿಸೆಯಿಂದ ಬಲ ಕಿಸೆಗೆ ಹಾಕುತ್ತಾರೆ. ಎಂಟು ಬೀಜಕ್ಕೆ ಒಂದು ಮೈಲು. ದಿನಕ್ಕೆ ಐದು ಮೈಲು, ಅಂದರೆ ನಾನೂರು ಸಲ ಬಗ್ಗಿ ಏಳುವುದು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಈಗ ವಯಸ್ಸು ನಲವತ್ತನಾಲ್ಕು. ನೆಟ್ಟಗೆ ನಿಂತಾಗಲೂ ಸೊಂಟ ಒಂದಿಷ್ಟು ಮುಂದಕ್ಕೇ ಇರುತ್ತದೆ.

ಹುಟ್ಟೂರು ಅಸುಂಡಿ. ತುಂಡು ಹೊಲ, ನಾಲ್ಕು ಜನ ಅಣ್ಣತಮ್ಮಂದಿರು. ಇಪ್ಪತ್ತು ತುಂಬಿದ್ದೇ ರಸ್ತೆಗೆ ಖಡಿಯ ಜಲ್ಲಿಕಲ್ಲು ಒಡೆದು ಹರವುವ ಕೂಲಿಗೆ ಬಂದವರು, ಐದಾರು ವರ್ಷಕ್ಕೆ ಸರಪಳಿಗೆ ಕೈಹಚ್ಚಿದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಕ್ಷರ ಬರುವುದಿಲ್ಲ, ಅಂಕಿ ಬರುತ್ತವೆ. ಅವನ್ನು ಮೈಲುಗಲ್ಲುಗಳೇ ಕಲಿಸಿದವು. “ಒಂದರ ಮುಂದ ಎರಡು, ಎರಡರ ಮುಂದ ಮೂರು, ದಾರಿ ಗುಂಟ ಹೋದ್ರ ತಪ್ಪಾಕ ಹೆಂಗ ಬರತೈತ್ರಿ?” ಎಂದು ನಗುತ್ತಾರೆ.

ತಪ್ಪಿದ್ದೂ ಉಂಟು. ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನಗಳು ಕರಗಿದವು. ಲಕ್ಷ್ಮೇಶ್ವರ ಒಂದು ಸಂಸ್ಥಾನದ್ದು, ಶಿರಹಟ್ಟಿ ಇನ್ನೊಂದರದ್ದು, ಗದಗ ಮುಂಡರಗಿ ಮುಂಬಯಿ ಸರಕಾರದ್ದು. ಒಂದೊಂದರ ಕಲ್ಲಿನ ಎಣಿಕೆ ಒಂದೊಂದು ಕಚೇರಿಯ ಬಾಗಿಲಿನಿಂದ ಶುರು. ಗದಗಿನಿಂದ ಏರುತ್ತ ಹೋದ ಅಂಕಿ ಗಡಿ ದಾಟಿದ ಕೂಡಲೇ ಇಳಿಯತೊಡಗುತ್ತಿತ್ತು. “ನಿನ್ನಿ ತನಕ ಬ್ಯಾರೆ ಬ್ಯಾರೆ ಇದ್ದದ್ದು ಇವತ್ತ ಒಂದ ಆತು. ಮಂದಿಗೆ ಖಬರ ಮುಟ್ಟಿತ್ತು, ಕಲ್ಲಿಗೆ ಮುಟ್ಟಿರಲಿಲ್ಲ. ನಾ ಹೋಗಿ ಮುಟ್ಟಿಸಿ ಬಂದೆ ನೋಡ್ರಿ,” ಎನ್ನುತ್ತಾರೆ. ಆ ವರ್ಷ ಒಂಬತ್ತು ತಿಂಗಳು ಮನೆ ಕಂಡದ್ದು ಅಮಾವಾಸ್ಯೆ ಹುಣ್ಣಿಮೆಗೆ.

ಏಕೀಕರಣವಾದ ಮೇಲೆ ಬೆಟಗೇರಿಯ ಚಹಾದ ಅಂಗಡಿಯಲ್ಲಿ ಜನ ಅವರನ್ನು ಹಿಡಿದು ನಿಲ್ಲಿಸಿ ಕೇಳುವುದು ಒಂದೇ: ಮುಂಬಯಿ ದೂರವೋ, ಬೆಂಗಳೂರು ದೂರವೋ? ಬೆಂಗಳೂರು ರಸ್ತೆಯಲ್ಲಿ ಇನ್ನೂರೈವತ್ತು ಮೈಲಿನ ಮೇಲೆ, ಮುಂಬಯಿ ಅದಕ್ಕೂ ದೂರ ಎಂದು ಹೇಳಿ ಮುಗಿಸುತ್ತಾರೆ. ಒಂದು ದಿನ ಪೇಪರು ಓದಿದವನೊಬ್ಬ, ವಿಮಾನದಲ್ಲಿ ಹೋದರೆ ಮುಂಬಯಿಯಿಂದ ಬೆಂಗಳೂರಿಗೆ ಮೂರೂವರೆ ತಾಸು ಅಷ್ಟೇ, ನಿನ್ನ ಸರಪಳಿ ಎತ್ತಿಡು ಎಂದನಂತೆ.

“ನಡುವಿನ ಊರು?” ಎಂದು ಕೇಳಿದರು ಹೊಳೆಯಪ್ಪ.

“ನಡುವಿನ ಊರಿಂದೇನೋ ಮಾರಾಯಾ, ವಿಮಾನ ನಿಲ್ಲೂದಿಲ್ಲ.”

“ಹಂಗಾರ ಅದು ನಮ್ಮ ಲೆಕ್ಕಕ್ಕ ಬರೂದಿಲ್ಲ.”

ಅಂಗಡಿಯವರು ನಕ್ಕರು. ಮುಂದೆ ಕೆಲವೇ ದಿನದಲ್ಲಿ ಇದೇ ಗಾಳಿಯ ಲೆಕ್ಕ ಒಂದು ಊರಿನ ಕುತ್ತಿಗೆಗೆ ಬಂತು. ಆ ಊರು ಹೊಳೆಯಪ್ಪನವರ ಹೆಂಡತಿ ಉಡಚವ್ವನ ತವರು, ಡೋಣಿಯ ಆಚೆ ಕಪ್ಪತಗುಡ್ಡದ ಬುಡದಲ್ಲಿರುವ ಜಾಲಿಕೊಪ್ಪ.

ಜಾಲಿಕೊಪ್ಪಕ್ಕೆ ಹೆರಿಗೆ ನೋಡುವ ನರ್ಸ್ ಬೇಕಿತ್ತು. ಊರಿನಲ್ಲಿ ಸೂಲಗಿತ್ತಿ ಅಲ್ಮಾಸಬಿ ಇದ್ದಾರೆ. ನಲವತ್ತು ವರ್ಷದಲ್ಲಿ ಊರ ಅರ್ಧ ಜನರನ್ನು ಮೊದಲು ಮುಟ್ಟಿದ ಕೈ ಅವರದು. “ತಲಿ ಕೆಳಗ ಇದ್ರ ನಾ ಇದ್ದೀನಿ. ಕೂಸು ಅಡ್ಡ ಬಿದ್ರ ನನ್ನ ಕೈಯಾಗ ಏನೂ ಇಲ್ಲ ಬೇಟಾ, ಚಕ್ಕಡಿ ಹೂಡ್ರಿ ಅಂತೀನಿ,” ಎನ್ನುತ್ತಾರೆ ಅವರು. ಚಕ್ಕಡಿ ಹೂಡಿದರೆ ಮುಂಡರಗಿಯ ದವಾಖಾನೆಗೆ ಐದು ತಾಸು. ಗುಡ್ಡ ಬಳಸಬೇಕು, ಎರಡು ಹಳ್ಳ ದಾಟಬೇಕು. ಮೂರು ವರ್ಷದ ಹಿಂದೆ ಉಡಚವ್ವನ ತಂಗಿ ಕಳಕವ್ವನನ್ನು ಹೀಗೇ ಒಯ್ದರು. ಎರಡನೆಯ ಹಳ್ಳ ದಾಟಿದ ಮೇಲೆ ಎತ್ತುಗಳನ್ನು ಅವಸರ ಮಾಡುವ ಕಾರಣ ಉಳಿಯಲಿಲ್ಲ. ತಾಯಿಯೂ ಹೋದಳು, ಕೂಸೂ ಹೋಯಿತು.

ಊರವರು ಅರ್ಜಿ ಬರೆಸಿದರು. ಹತ್ತಿರದ ದವಾಖಾನೆ ಹತ್ತು ಮೈಲಿಗಿಂತ ದೂರವಿದ್ದರೆ ಮಾತ್ರ ಊರಿಗೆ ನರ್ಸ್ ಕೊಡುವುದು ಎಂಬುದು ನಿಯಮ. ಮೇಲಿನ ಕಚೇರಿಯಲ್ಲಿ ಯಾರೋ ನಕಾಶೆ ಹಾಸಿ, ಜಾಲಿಕೊಪ್ಪದ ಚುಕ್ಕೆಯಿಂದ ಮುಂಡರಗಿಯ ಚುಕ್ಕೆಗೆ ಪಟ್ಟಿ ಇಟ್ಟು ಗೆರೆ ಎಳೆದರು. ಆರೂವರೆ ಮೈಲು ಬಂತು. ಅರ್ಜಿ ಹಿಂದಕ್ಕೆ ಬಂತು. ರಸ್ತೆ ಖಾತೆಯ ಓವರಸಿಯರ್ ಸಾಹೇಬರು ಅದನ್ನು ಓದಿ ಹೇಳಿದಾಗ ಹೊಳೆಯಪ್ಪ ಅಲ್ಲೇ ಇದ್ದರು.

“ಆರೂವರಿ ಮೈಲು ಅಂದ್ರ ವಿಮಾನಕ್ಕ ಎರಡು ಮಿನಿಟಿನ ದಾರಿ, ತಿಳೀತೇನು?” ಎಂದರು ಸಾಹೇಬರು, ಅರ್ಧ ಚೇಷ್ಟೆಗೆ.

“ಹೌದ್ರಿ. ಬಸುರಿ ಹೆಣ್ಣಮಗಳು ಚಕ್ಕಡ್ಯಾಗ ಹೊಂಟಾಳ್ರಿ.”

ಸಾಹೇಬರು ಅರ್ಜಿಯನ್ನು ಮತ್ತೆ ಮುಂದಕ್ಕೆಳೆದುಕೊಂಡು, ದಾರಿಯನ್ನೇ ಅಳೆದು ಕೊಡುತ್ತೇವೆಂದು ಮೇಲಕ್ಕೆ ಬರೆದರು. ಅಪ್ಪಣೆ ಬಂತು. ಕೆಲಸ ಎಳ್ಳಮಾವಾಸ್ಯೆಯ ಮರುದಿನ ಎಂದು ಗೊತ್ತಾಯಿತು.

ಅಮಾವಾಸ್ಯೆಯ ದಿನವೇ ಹೊಳೆಯಪ್ಪ, ಉಸ್ಮಾನಸಾಬ ಇಬ್ಬರೂ ಜಾಲಿಕೊಪ್ಪಕ್ಕೆ ಬಂದಿಳಿದರು. ಬೀಗರ ಮನೆ. ಸಜ್ಜೆ ಕಡಬು, ಎಳ್ಳು ಹೋಳಿಗೆ, ಪುಂಡಿಪಲ್ಯ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದರು. ಸಂಜೆ ಅತ್ತೆ ನೊಗ, ನೇಗಿಲು, ಕುರಪಿಗಳ ಸಾಲಿಗೆ ವಿಭೂತಿ ಹಚ್ಚುತ್ತ ಸರಪಳಿಯನ್ನೂ ಕೇಳಿದರು. “ನಮ್ಮೂರಿಗೆ ಒಳ್ಳೇದು ಮಾಡಾಕ ಬಂದೈತಿ. ಅದಕ್ಕೂ ಒಂದಿಷ್ಟು ಕುಂಕುಮ ಹಚ್ತೀನಿ, ಕೊಡಪಾ.” ಅಳಿಯ ಇಲ್ಲವೆನ್ನುವುದು ಹೇಗೆ? ಹತ್ತೊಂಬತ್ತು ವರ್ಷದಲ್ಲಿ ಹೊಳೆಯಪ್ಪ ಸರಪಳಿಯನ್ನು ಕೈಬಿಟ್ಟು ಊಟಕ್ಕೆ ಕುಳಿತದ್ದು ಅದೊಂದೇ ಸಲ.

ಬೆಳಗಾದ ಮೇಲೆ ಊರ ಚಾವಡಿಯ ಮುಂದಿನಿಂದ ಶುರು. ಅಂಗಳದ ಕಲ್ಲುಗಳು ಗದಗಿನಲ್ಲಿ ಉಳಿದಿದ್ದವು. ಹೊರಗೆ ಹೋದಾಗ ಕೊಂಡಿ ಎಣಿಸಿಕೊಳ್ಳುವುದು ರೂಢಿ. ದೇವರ ಮುಂದಿನಿಂದ ಎತ್ತಿಕೊಟ್ಟ ಸರಪಳಿಯನ್ನು, ಬೀಗರ ಎದುರಿಗೇ, ಎಣಿಸುವುದಕ್ಕೆ ನಾಚಿಕೆಯಾಯಿತು. ಎರಡು ದಿನ ಅಳೆದರು. ಎರಡನೆಯ ಸಂಜೆ ಮುಂಡರಗಿಯ ದವಾಖಾನೆಯ ಹೊಸ್ತಿಲು ಮುಟ್ಟಿದಾಗ ಬಲ ಕಿಸೆಯಲ್ಲಿ ಎಪ್ಪತ್ತೊಂಬತ್ತು ಹುಣಸೆ ಬೀಜ, ಉಸ್ಮಾನಸಾಬರು ಚುಚ್ಚಿದ್ದು ಮೇಲೆ ಏಳು ಕಡ್ಡಿ. ಏಳುನೂರಾ ತೊಂಬತ್ತೇಳು ಸರಪಳಿ. ಹತ್ತು ಮೈಲಿಗೆ ಎಂಟುನೂರು ಬೇಕು. ಮೂರು ಕಡಿಮೆ.

ಅಲ್ಲಿಗೆ ಬಂದಿದ್ದ ಸಾಹೇಬರು ಎರಡು ಸಲ ಕೇಳಿದರು, ಎರಡು ಸಲವೂ ಅದೇ ಅಂಕಿ. ಬರೆದುಕೊಂಡು ಪೇಚಾಡಿದರು. “ಇನ್ನೂರು ಅಡಿಗೆ ಹೋತಲ್ಲೋ.” ಜೊತೆಗೆ ನಡೆದು ಬಂದಿದ್ದ ಊರ ಮಂದಿ ಒಬ್ಬೊಬ್ಬರಾಗಿ ತಿರುಗಿ ನಡೆದರು. ಹೆಂಡತಿಯ ತಮ್ಮ ಕುಬೇರಪ್ಪ ಮಾತ್ರ ಗರ ಬಡಿದವನಂತೆ ಅಲ್ಲೇ ನಿಂತಿದ್ದ. “ಕಡಿಮಿ ಹೆಂಗ ಬಂತು ಮಾವಾ? ಕಡಿಮಿ ಬರಬಾರದಿತ್ತು,” ಎಂದು ಮೂರು ನಾಲ್ಕು ಸಲ ಅಂದ. ಆಗ ಹೊಳೆಯಪ್ಪನವರಿಗೆ ಅದರಲ್ಲಿ ಏನೂ ಹೊಳೆಯಲಿಲ್ಲ.

ಹೊಳೆದದ್ದು ಮರುದಿನ ಮುಂಜಾನೆ, ಗದಗಿನ ಅಂಗಳದಲ್ಲಿ. ಒಂದು ಹಿಡಿ ಈ ಗೀರಿಗೆ ಕೂತಿತ್ತು. ಇನ್ನೊಂದು ಹಿಡಿ ಆ ಗೀರನ್ನು ದಾಟಿ ಹೋಗಿತ್ತು, ಹೆಚ್ಚು ಕಡಿಮೆ ಒಂದು ಗೇಣು. ಇಬ್ಬರೂ ಕುಳಿತು ಕೊಂಡಿ ಎಣಿಸಿದರು. ನೂರಾ ಒಂದು. ನಡುವೆ ಎಲ್ಲೋ ಒಂದರ ಬಣ್ಣ ಹೊಸದು, ಕುಲುಮೆಯ ಕಪ್ಪು ಇನ್ನೂ ಹೋಗಿರಲಿಲ್ಲ.

“ಬಿಚ್ಚಿ ಒಗದು ಬಿಡು,” ಎಂದರು ಉಸ್ಮಾನಸಾಬ. “ಯಾರಿಗೂ ಗೊತ್ತಾಗೂದಿಲ್ಲ. ಹೇಳಿದ್ಯೋ, ಸರಪಳಿ ಕೈಯಿಂದ ಹೋತು. ನೌಕರಿನೂ ಹೋದೀತು.”

“ಊರಿನ ಅರ್ಜಿ ಗತಿ?”

“ಊರಿನವರ ಹಾಕಿದ್ದು ಅದು. ಇನ್ಯಾರು ಹಾಕ್ತಾರ?”

ಹೊಳೆಯಪ್ಪ ಬೇವಿನ ಬುಡದಲ್ಲಿ ಕುಳಿತು ಲೆಕ್ಕ ಹಾಕಿದರು. ಒಂದೊಂದು ಸರಪಳಿಗೆ ಒಂದೊಂದು ಕೊಂಡಿ ಹೆಚ್ಚು. ಏಳುನೂರಾ ತೊಂಬತ್ತೇಳು ಸರಪಳಿಗೆ ಏಳುನೂರಾ ತೊಂಬತ್ತೇಳು ಕೊಂಡಿ, ಅಂದರೆ ಎಂಟು ಸರಪಳಿಗೆ ಮೂರು ಕೊಂಡಿ ಕಡಿಮೆ. ಕೂಡಿಸಿದರೆ ಎಂಟುನೂರಾ ಐದು, ಮೂರು ಕೊಂಡಿ ಕಡಿಮೆ. ದಾರಿ ಹತ್ತು ಮೈಲಿನ ಮೇಲೆಯೇ ಇತ್ತು. ಎದ್ದು ಸಾಹೇಬರ ಬಾಗಿಲಿಗೆ ಹೋದರು.

“ಸಾಹೇಬರ, ನಿನ್ನಿ ಬರದ ಲೆಕ್ಕ ತಪ್ಪೈತ್ರಿ. ಸರಪಳಿಗೆ ಒಂದು ಕೊಂಡಿ ಹೆಚ್ಚಿತ್ರಿ.”

“ಯಾರು ಹಾಕಿದ್ರು?”

“ಸರಪಳಿ ನನ್ನ ಸ್ವಾಧೀನ ಇತ್ರಿ. ತಪ್ಪು ನಂದು.”

“ಅದು ನಿನ್ನ ಹೆಂಡ್ತಿ ತವರೂರಲ್ಲೇನೋ? ಕಡಿಮಿ ಬಂತು ಅಂತ ಈಗ ಹೆಚ್ಚು ಮಾಡಾಕ ಬಂದೀ?”

ಹಾಗೆ ಕೇಳಿದ್ದರಲ್ಲಿ ಸಾಹೇಬರ ತಪ್ಪಿರಲಿಲ್ಲ, ಯಾರಾದರೂ ಕೇಳುವ ಮಾತೇ ಎನ್ನುತ್ತಾರೆ ಹೊಳೆಯಪ್ಪ. ಹೊಸ ಕೊಂಡಿ ಕಣ್ಣ ಮುಂದೇ ಇತ್ತು. ಆದರೆ ಅದನ್ನು ಅಳೆಯುವ ಮೊದಲು ಹಾಕಿದರೋ, ಅಳೆದ ಮೇಲೆ ಹಾಕಿದರೋ, ಹೇಳುವವರು ಯಾರು?

“ನನ್ನ ಬಿಟ್ಟು ಬ್ಯಾರೆ ಮಂದಿ ಕಡಿಂದ ಅಳಸ್ರಿ. ಬ್ಯಾರೆ ಸರಪಳಿ ಕೊಡ್ರಿ. ನಾ ಆ ದಾರಿ ಕಡೆ ಹಾಯೂದಿಲ್ಲ. ಎಂಟನೂರಾ ಐದು ಬರತೈತ್ರಿ. ಬರಲಿಲ್ಲಂದ್ರ ನನ್ನ ಮನಿಗೆ ಕಳಸ್ರಿ.”

ಸಾಹೇಬರು ಕಾಗದವನ್ನು ಮೇಲಕ್ಕೆ ಕಳಿಸದೆ ತಡೆದಿಟ್ಟರು. ಹೊಳೆಯಪ್ಪನವರ ಕೈಯಿಂದ ಸರಪಳಿ ಹೋಯಿತು. ಖಡಿ ಒಡೆಯುವವರ ಸಾಲಿನಲ್ಲಿ ಕೂಡಿಸಿದರು. ಹತ್ತೊಂಬತ್ತು ವರ್ಷದ ಹಿಂದೆ ಬಿಟ್ಟ ಸುತ್ತಿಗೆಯನ್ನು ಮತ್ತೆ ಹಿಡಿದಾಗ ಅಂಗೈ ಎರಡೇ ದಿನದಲ್ಲಿ ಬೊಬ್ಬೆಯೆದ್ದಿತು. ಬೇರೆ ಮಂದಿ ಸಿಗುವ ತನಕ, ಎರಡು ತಿಂಗಳು ಇಪ್ಪತ್ತು ದಿನ, ಅವರು ಕಲ್ಲು ಒಡೆದರು.

ಕುಬೇರಪ್ಪ ಒಂದು ವಾರ ತಡೆದು ಗದಗಿಗೆ ಬಂದ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೇ ಕುಳಿತ. ಅಮಾವಾಸ್ಯೆಯ ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ಸರಪಳಿಯನ್ನು ಕಮ್ಮಾರನ ಹತ್ತಿರ ಒಯ್ದು ತಂದವನು ಅವನೇ.

“ಸರಪಳಿ ಉದ್ದ ಆದ್ರ ದಾರಿನೂ ಉದ್ದ ಆಗತೈತಿ ಅಂತ ತಿಳದೆ ಮಾವಾ. ಕಮ್ಮಾರನೂ ಹೌದು ಅಂದ.”

“ಇಬ್ಬರೂ ಶಾಣ್ಯಾರು ಕೂಡಿದ್ರಿ! ಲೇ, ದೊಡ್ಡ ಸೇರಿಲೆ ಜೋಳ ಅಳದ್ರ ಸೇರು ಕಡಿಮಿ ಬರತಾವೋ, ಹೆಚ್ಚು ಬರತಾವೋ?”

ಕುಬೇರಪ್ಪ ಬಹಳ ಹೊತ್ತು ವಿಚಾರ ಮಾಡಿದ. “ಕಡಿಮಿ,” ಎಂದ. ಹಾಗೆಂದು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. “ನಾನ ಹೋಗಿ ಸಾಹೇಬರಿಗೆ ಹೇಳ್ತೀನಿ.”

“ಹೇಳಿದ್ರ ನಿನ್ನ ಮ್ಯಾಲೆ ಕೇಸು, ಊರ ಮ್ಯಾಲೆ ಕಪ್ಪು. ಅರ್ಜಿನ ಹರದು ಒಗೀತಾರ. ಸುಮ್ಮ ಮನಿಗೆ ಹೋಗು.”

ಅಕ್ಕ ಉಡಚವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ತಮ್ಮನಿಗೆ ರೊಟ್ಟಿ ಕೊಟ್ಟರು, ಮಾತು ಕೊಡಲಿಲ್ಲ. ಗಂಡನ ಜೊತೆಗೂ ಮಾತು ನಿಂತಿತು. ಕೇಳಿದರೆ ಈಗ ಅವರು ಹೇಳುವುದಿಷ್ಟು: “ಯಾರ ಮ್ಯಾಲೆ ಸಿಟ್ಟು ಮಾಡಬೇಕು ನನಗ ತಿಳೀಲಿಲ್ರಿ. ತಮ್ಮ ಮಾಡಿದ್ದು ಊರ ಸಲುವಾಗಿ. ಇವರು ದೇವರ ಮುಂದ ಇಟ್ಟದ್ದನ್ನ ಎಣಸಲಿಲ್ಲ, ಅದು ನಮ್ಮವ್ವನ ಮರ್ಯಾದಿ ಸಲುವಾಗಿ. ನನ್ನ ತಂಗಿ ನೆನಪಾದ್ರ ಮಾತ್ರ ಇಬ್ಬರನ್ನೂ ಹೊರಗ ಹಾಕಬೇಕು ಅನಸ್ತಿತ್ತು.”

ಯುಗಾದಿಗೆ ನಾಲ್ಕು ದಿನ ಇರುವಾಗ ಲಕ್ಷ್ಮೇಶ್ವರದ ಕಡೆಯಿಂದ ಇಬ್ಬರು ಬಂದರು. ಅವರಿಗೆ ಹೊಳೆಯಪ್ಪ ಯಾರೋ, ಜಾಲಿಕೊಪ್ಪ ಯಾವುದೋ. ಸಾಹೇಬರು ತಾವೇ ಹೊಸ ಸರಪಳಿಯನ್ನು ಅಂಗಳದ ಕಲ್ಲುಗಳಿಗೆ ಹಚ್ಚಿ ನೋಡಿ, ಸೈಕಲ್ ಹಿಡಿದು ಉದ್ದಕ್ಕೂ ಜೊತೆಗೆ ನಡೆದರು. ಆ ಎರಡು ದಿನ ಹೊಳೆಯಪ್ಪ ಒಡೆದ ಖಡಿ ಉಳಿದ ದಿನಗಳಿಗಿಂತ ಎರಡು ಪಟ್ಟು ಎಂದು ಉಸ್ಮಾನಸಾಬ ನಗುತ್ತಾರೆ. “ಮಾತಾಡ್ಸಿದ್ರ ಸುತ್ತಿಗಿ ಇನ್ನಷ್ಟು ಜೋರು ಬೀಳ್ತಿತ್ತು. ಕಲ್ಲಿಗೂ ಜೀವ ಇದ್ರ ಅಳ್ತಿತ್ತು.”

ಮೂರನೆಯ ದಿನ ಮಧ್ಯಾಹ್ನ ಸಾಹೇಬರು ಖಡಿಯ ಗುಡ್ಡೆಯ ಹತ್ತಿರ ಬಂದು ಸೈಕಲ್ ನಿಲ್ಲಿಸಿದರು. “ಎಂಟನೂರಾ ಐದು,” ಎಂದರು. “ಆ ಮೂರು ಕೊಂಡಿ ನಾ ನೋಡಲಿಲ್ಲಪಾ, ಬಿಟ್ಟೆ.” ಅಷ್ಟೇ ಮಾತು. ಮರುದಿನ ಸರಪಳಿ ಹೊಳೆಯಪ್ಪನವರ ಹೆಗಲಿಗೆ ಬಂತು. ಕೊಂಡಿ ಹಾಕಿದವರು ಯಾರು ಎಂದು ಸಾಹೇಬರು ಮತ್ತೆ ಕೇಳಲಿಲ್ಲ.

ಅಪ್ಪಣೆ ಬರಲು ಮಳೆಗಾಲ ಮುಗಿಯಬೇಕಾಯಿತು. ದಸರೆಯ ಮುಂದೆ ಮಾಳವ್ವ ಎಂಬ ನರ್ಸ್, ಒಂದು ಟ್ರಂಕು, ಒಂದು ಸ್ಟವ್, ಒಂದು ಮರದ ಮಂಚ ಎಲ್ಲ ಒಂದೇ ಚಕ್ಕಡಿಯಲ್ಲಿ ಜಾಲಿಕೊಪ್ಪಕ್ಕೆ ಬಂದಿಳಿದವು. ಚಾವಡಿಯ ಪಕ್ಕದ ಖೋಲಿಗೆ ಸುಣ್ಣ ಬಳಿದು ಕೊಟ್ಟವನು ಕುಬೇರಪ್ಪ. ಇಲ್ಲಿಯ ತನಕ ಹನ್ನೊಂದು ಹೆರಿಗೆಯಾಗಿವೆ. ಕಷ್ಟದ ಇನ್ನೆರಡನ್ನು ಮೊದಲೇ ಗುರುತಿಸಿ, ದಿನ ತುಂಬುವ ಮುಂಚೆಯೇ ಮುಂಡರಗಿಗೆ ಕಳಿಸಿದ್ದಾರೆ. ಹದಿಮೂರು ತಾಯಂದಿರೂ ಚೆನ್ನಾಗಿದ್ದಾರೆ. ಅಲ್ಮಾಸಬಿಗೆ ಕೆಲಸ ತಪ್ಪಿಲ್ಲ. ನೀರು ಕಾಯಿಸುವುದು, ಧೈರ್ಯ ಹೇಳುವುದು, ಹೊಸ ನರ್ಸಬಾಯಿಗೆ ಊರ ಬಸುರಿಯರ ಹಟ ಒಂದೊಂದಾಗಿ ತಿಳಿಸಿಕೊಡುವುದು.

ಇನ್ನು ಮೈಲು ಹೋಗಿ ಕಿಲೋಮೀಟರು ಬರುತ್ತದೆ ಎಂಬ ಸುದ್ದಿ ಇದೆ. ಕಲ್ಲುಗಳನ್ನೆಲ್ಲ ಮತ್ತೆ ನೆಡಬೇಕು, ಅಂಕಿಗಳನ್ನೆಲ್ಲ ಮತ್ತೆ ಕಲಿಯಬೇಕು. ಹೊಳೆಯಪ್ಪನವರಿಗೆ ಅದರ ಚಿಂತೆಯಿಲ್ಲ. ಸೊಂಟ ಇನ್ನು ಐದಾರು ವರ್ಷ ಬಗ್ಗಿದರೆ ಗದಗಿನಿಂದ ಮುಂಡರಗಿಯ ತನಕ ಹೊಸ ಲೆಕ್ಕದಲ್ಲೂ ತಾನೇ ಒಂದು ಸಲ ನಡೆಯಬೇಕು ಎನ್ನುತ್ತಾರೆ, ಅಷ್ಟೇ ಆಸೆ.

ಹೋದ ಭಾನುವಾರ ಗಂಡ ಹೆಂಡತಿ ಇಬ್ಬರೂ ಜಾಲಿಕೊಪ್ಪಕ್ಕೆ ಬಂದಿದ್ದರು. ಖೋಲಿಯ ಮುಂದಿನ ಬಿಸಿಲಿಗೆ ಅಲ್ಮಾಸಬಿ ಒಂದು ಎಳೆಗೂಸಿಗೆ ಎಣ್ಣೆ ತಿಕ್ಕುತ್ತಿದ್ದರು. ಉಡಚವ್ವ ಪಕ್ಕದಲ್ಲಿ ಕುಳಿತು ಕೂಸಿನ ಅರಿವೆ ಮಡಿಸುತ್ತಿದ್ದರು.

“ಒಂದು ಮಾತು ಕೇಳ್ತೀನಿ, ಖರೇ ಹೇಳಬೇಕು ನೋಡು ಬೇಟಾ,” ಎಂದರು ಅಲ್ಮಾಸಬಿ. “ಆ ಮಂದಿ ಅಳದಾಗೂ ಕಡಿಮೀನ ಬಂದಿದ್ರ ಏನ ಮಾಡ್ತಿದ್ದಿ?”

“ಕಡಿಮಿ ಅಂತ ಒಪ್ಪತಿದ್ದೆ ಅಮ್ಮಾ. ದಾರಿ ಇದ್ದಷ್ಟ ಇರತೈತಿ. ನಾ ಅಂದ್ರ ಬೆಳಿಯೂದಿಲ್ಲ.”

“ಆಮ್ಯಾಲೆ?”

ಹೊಳೆಯಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಆಮ್ಯಾಲೆ ಈ ಊರಿಗೆ ಬರಾಕ ನನಗ ಮಾರಿ ಇರತಿದ್ದಿಲ್ಲ.”

ಉಡಚವ್ವ ಮಡಿಸುತ್ತಿದ್ದ ಅರಿವೆಯಿಂದ ತಲೆಯೆತ್ತಲಿಲ್ಲ.

“ಬರತಿದ್ರಿ,” ಎಂದರು. “ನಾನ ಕರಕೊಂಡು ಬರತಿದ್ದೆ.”